ಶಾಲಾ ಮಕ್ಕಳಿಗೆ ವಾದ್ಯವೃಂದದ ಪರಿಚಯ

ಶಾಸ್ತ್ರೀಯ ಸಂಗೀತವು ಬಲ್ಲವರ ಸೊತ್ತು, ಮಕ್ಕಳಿಗೆ ಅದು ರುಚಿಸದು ಎಂಬ ಭಾವನೆ ವ್ಯಾಪಕವಾಗಿದೆ. ಚಿಕ್ಕ ವಯಸ್ಸಿನಲ್ಲಿ ಅದನ್ನು ಕೇಳುವ ಅವಕಾಶ ದೊರೆಯದಿರುವುದೇ ಇದಕ್ಕೆ ಮುಖ್ಯ ಕಾರಣ. ಸಂಗೀತದ ವಾತಾವರಣವಿಲ್ಲದ, ಕಛೇರಿಯ ಟಿಕೆಟ್ ಕೊಳ್ಳಲಾಗದ ಮನೆಗಳ ಮಕ್ಕಳಿಗೆ ಆ ಅವಕಾಶವನ್ನು ಶಾಲೆಯೇ ಒದಗಿಸಬೇಕು.

ಇತರ ದೇಶಗಳ ಅನುಭವ

ಲಂಡನ್ನಿನಲ್ಲಿ ರಾಬರ್ಟ್ ಮೇಯರ್ ಅವರು 1923ರಲ್ಲಿ ಮಕ್ಕಳಿಗಾಗಿಯೇ ವಾದ್ಯವೃಂದದ ಕಛೇರಿಗಳನ್ನು ಆರಂಭಿಸಿದರು. ನ್ಯೂಯಾರ್ಕಿನಲ್ಲಿ ಲೆನರ್ಡ್ ಬರ್ನ್‌ಸ್ಟೈನ್ ಅವರು 1958ರಿಂದ 1972ರವರೆಗೆ ಇಂತಹ ಕಛೇರಿಗಳನ್ನು ನಡೆಸಿ, ದೂರದರ್ಶನದ ಮೂಲಕವೂ ಮಕ್ಕಳಿಗೆ ಸಂಗೀತವನ್ನು ಸರಳವಾಗಿ ವಿವರಿಸಿದರು.

ಸೆರ್ಗೇಯ್ ಪ್ರೊಕೊಫೀವ್ ಅವರು 1936ರಲ್ಲಿ ಮಾಸ್ಕೋದ ಮಕ್ಕಳ ರಂಗಭೂಮಿಗಾಗಿ ರಚಿಸಿದ 'ಪೀಟರ್ ಮತ್ತು ತೋಳ' ಎಂಬ ಕೃತಿ ಇಂದಿಗೂ ಜನಪ್ರಿಯವಾಗಿದೆ. ಇದರಲ್ಲಿ ಬಾಲಕ ಪೀಟರ್‌ನನ್ನು ತಂತಿವಾದ್ಯಗಳು, ಹಕ್ಕಿಯನ್ನು ಕೊಳಲು, ಬಾತುಕೋಳಿಯನ್ನು ಓಬೋ, ಬೆಕ್ಕನ್ನು ಕ್ಲಾರಿನೆಟ್, ತಾತನನ್ನು ಬಸೂನ್, ತೋಳವನ್ನು ಮೂರು ಹಾರ್ನ್‌ಗಳು ಪ್ರತಿನಿಧಿಸುತ್ತವೆ. ಕಥೆ ಮುಗಿಯುವ ವೇಳೆಗೆ ಮಗು ಪ್ರತಿಯೊಂದು ವಾದ್ಯದ ದನಿಯನ್ನೂ ಗುರುತಿಸಬಲ್ಲದು.

ಭಾರತದಲ್ಲಿ

ವಾದ್ಯಗಳ ವರ್ಗೀಕರಣ ನಮಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರವು ಅವುಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕಾಗಿ ವಿಂಗಡಿಸಿದೆ. ಮೈಸೂರು ಅರಮನೆಯಲ್ಲಿ ಕರ್ನಾಟಕ ಮತ್ತು ಪಾಶ್ಚಾತ್ಯ ವಾದ್ಯಗೋಷ್ಠಿಗಳೆರಡೂ ಇದ್ದವು. ಆಕಾಶವಾಣಿಯ 'ವಾದ್ಯವೃಂದ' 1952ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾಯಿತು. ಪಂಡಿತ್ ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್ ಅದರ ಆರಂಭದ ನಿರ್ದೇಶಕರಾಗಿದ್ದರು. ದೆಹಲಿಯ ಐ.ಐ.ಟಿ.ಯ ಪ್ರಾಧ್ಯಾಪಕ ಡಾ. ಕಿರಣ್ ಸೇಠ್ ಅವರು 1977ರಲ್ಲಿ ಆರಂಭಿಸಿದ 'ಸ್ಪಿಕ್ ಮೆಕೆ' ಸಂಸ್ಥೆಯು ಸ್ವಯಂಸೇವಕರ ನೆರವಿನಿಂದ ಹಿರಿಯ ಕಲಾವಿದರನ್ನು ಶಾಲಾ ಕಾಲೇಜುಗಳಿಗೇ ಕರೆತರುತ್ತಿದೆ. ಮುಂಬಯಿಯಲ್ಲಿ 2006ರಲ್ಲಿ 'ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ' ಅಸ್ತಿತ್ವಕ್ಕೆ ಬಂದಿತು.

ಪ್ರತ್ಯಕ್ಷ ಶ್ರವಣದ ಮಹತ್ವ

ಧ್ವನಿಮುದ್ರಣದಲ್ಲಿ ನಾದ ಮಾತ್ರ ದೊರೆಯುತ್ತದೆ. ಪ್ರತ್ಯಕ್ಷ ಕಛೇರಿಯಲ್ಲಿ ಕಮಾನಿನ ಚಲನೆ, ಕೊಳಲು ನುಡಿಸುವವರ ಉಸಿರಿನ ಹತೋಟಿ, ಕಲಾವಿದರು ಕಣ್ಸನ್ನೆಯಲ್ಲೇ ಪರಸ್ಪರ ಹೊಂದಿಕೊಳ್ಳುವ ಬಗೆ, ಇವೆಲ್ಲವೂ ಕಾಣಸಿಗುತ್ತವೆ. ಅನೇಕರು ಒಂದಾಗಿ ನುಡಿಸಬೇಕಾದರೆ ಪ್ರತಿಯೊಬ್ಬರೂ ಇತರರಿಗೆ ಕಿವಿಗೊಡಬೇಕೆಂಬ ಪಾಠವನ್ನು ಮಗು ತಾನಾಗಿಯೇ ಕಲಿಯುತ್ತದೆ.

ಶಿಕ್ಷಕರು ಗಮನಿಸಬೇಕಾದ ಅಂಶಗಳು

1. ಕಾರ್ಯಕ್ರಮವು ಮುಕ್ಕಾಲು ಗಂಟೆಯನ್ನು ಮೀರದಿರಲಿ. ಚಿಕ್ಕ ರಚನೆಗಳನ್ನು ಆರಿಸಿಕೊಳ್ಳಿ.
2. ಮಕ್ಕಳನ್ನು ಕಲಾವಿದರ ಸಮೀಪದಲ್ಲಿ ಕೂರಿಸಿ. ಸಾಧ್ಯವಿದ್ದಲ್ಲಿ ಧ್ವನಿವರ್ಧಕವನ್ನು ಬಳಸಬೇಡಿ.
3. ಮೊದಲು ಪ್ರತಿಯೊಂದು ವಾದ್ಯವನ್ನೂ ಬಿಡಿಯಾಗಿ, ಬಳಿಕ ಎಲ್ಲವನ್ನೂ ಕೂಡಿಸಿ ನುಡಿಸಲು ಕೋರಿರಿ.
4. ಮಕ್ಕಳ ಪ್ರಶ್ನೆಗಳಿಗೆ ಸಮಯ ಮೀಸಲಿಡಿ. ಕಛೇರಿಯನ್ನು ಪರೀಕ್ಷೆಯ ವಿಷಯವನ್ನಾಗಿ ಮಾಡಬೇಡಿ.

ವಾದ್ಯವೃಂದ ದೊರೆಯದ ಊರುಗಳಲ್ಲಿ ಪಿಟೀಲು, ಕೊಳಲು, ಮೃದಂಗಗಳ ಪುಟ್ಟ ಗೋಷ್ಠಿಯೂ ಸಾಕು. ಹೊರನಾಡಿನ ಕನ್ನಡ ಸಂಘಗಳು ತಮ್ಮ ನಗರದ ಶಾಲೆಗಳೊಡನೆ ಕೂಡಿ ಇಂತಹ ಏರ್ಪಾಡು ಮಾಡಬಹುದು. ಕೇಳುಗರಿಲ್ಲದೆ ಯಾವ ಸಂಗೀತವೂ ಉಳಿಯದು. ನಾಳಿನ ಕೇಳುಗರು ಇಂದಿನ ತರಗತಿಗಳಲ್ಲಿದ್ದಾರೆ.