ನೆಲವರಿತು ಕಟ್ಟಿದ ಹೋಟೆಲು

ಆಸ್ಟ್ರಿಯಾ ದೇಶದ ಲಾಂಗನ್‌ಲೋಯಿಸ್ ಎಂಬ ಊರು ದ್ರಾಕ್ಷಾಮದ್ಯಕ್ಕೆ ಹೆಸರಾದುದು. ಅಲ್ಲಿಯ ನೆಲದಡಿಯಲ್ಲಿ ಶತಮಾನಗಳ ಹಿಂದೆ ಮದ್ಯವಿಡಲು ಅಗೆದ ನೆಲಮಾಳಿಗೆಗಳುಂಟು. ಅಮೆರಿಕದ ವಾಸ್ತುಶಿಲ್ಪಿ ಸ್ಟೀವನ್ ಹಾಲ್ ಅವರು ಈ ಮಾಳಿಗೆಗಳ ನಕ್ಷೆಯನ್ನೇ ಮುಂದಿಟ್ಟುಕೊಂಡು ಸಂದರ್ಶಕರಿಗಾಗಿ ಒಂದು ಕಟ್ಟಡವನ್ನು ರೂಪಿಸಿದರು. 2003ರಲ್ಲಿ ಅದು ತೆರೆಯಿತು. ಅಲ್ಯುಮಿನಿಯಮ್ ಹೊದಿಸಿದ ಆ ಪೆಟ್ಟಿಗೆಯಂಥ ಕಟ್ಟಡದ ಗೋಡೆಗಳಲ್ಲಿ, ನೆಲದಡಿಯ ದಾರಿಗಳ ರೇಖೆಗಳೇ ಬೆಳಕಿನ ಕಿಂಡಿಗಳಾಗಿವೆ. 2005ರಲ್ಲಿ ಪಕ್ಕದಲ್ಲೆದ್ದ 82 ಕೋಣೆಗಳ ಹೋಟೆಲಿನ ಕೆಳ ಅಂತಸ್ತಿಗೆ ಗಾಜಿನ ಗೋಡೆ. ಕುಳಿತಲ್ಲಿಂದಲೇ ದ್ರಾಕ್ಷಿಯ ಸಾಲುಗಳು ಕಾಣುತ್ತವೆ.

ಮುಂಬಯಿಗೆ ದೂರವಲ್ಲದ ನಾಸಿಕದ ದ್ರಾಕ್ಷಿತೋಟಗಳಲ್ಲಿಯೂ ಈಗ ವಸತಿಗೃಹಗಳು ಎದ್ದಿವೆ. ಪೇಟೆಯ ಕಟ್ಟಡವನ್ನೇ ತಂದು ತೋಟದಲ್ಲಿ ನಿಲ್ಲಿಸಿದರೆ, ನಾವು ನೋಡಹೋದ ತೋಟವೇ ಮರೆಯಾದೀತು. ಕಟ್ಟುವವರು ಮೊದಲು ಆ ನೆಲದ ಕಥೆಯನ್ನು ಕೇಳಿಕೊಳ್ಳುವುದೊಳಿತು.