ಬ್ಯಾಟರಿಗೆ ಸಿಗುವುದು ಉಳಿದ ಕರೆಂಟು

ಮಳೆಯ ರಾತ್ರಿ ಕಾರಿನಲ್ಲಿ ಹೆಡ್‌ಲೈಟ್, ವೈಪರ್, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಎಲ್ಲವೂ ಒಟ್ಟಿಗೆ ಕೆಲಸ ಮಾಡುತ್ತವೆ. ಇವೆಲ್ಲ ಬ್ಯಾಟರಿಯಿಂದಲೇ ನಡೆಯುತ್ತವೆ ಎಂಬುದು ಹಲವರ ನಂಬಿಕೆ. ಆದರೆ ಎಂಜಿನ್ ಓಡುತ್ತಿರುವಾಗ ಇವುಗಳಿಗೆ ವಿದ್ಯುತ್ ಒದಗಿಸುವುದು ಆಲ್ಟರ್ನೇಟರ್. ಇವಕ್ಕೆ ಕೊಟ್ಟು ಮಿಕ್ಕಿದ್ದಷ್ಟೇ ಬ್ಯಾಟರಿಗೆ ಸೇರುತ್ತದೆ.

ಬೆಲ್ಟ್ ಮೂಲಕ ಎಂಜಿನ್, ಆಲ್ಟರ್ನೇಟರಿನ ರೋಟರನ್ನು ತನಗಿಂತ ಎರಡು-ಮೂರು ಪಟ್ಟು ವೇಗವಾಗಿ ತಿರುಗಿಸುತ್ತದೆ. ರೋಟರಿನ ಸುರುಳಿಯಲ್ಲಿ ಕೆಲವೇ ಆಂಪಿಯರ್ ಹರಿದರೆ ಅದು ವಿದ್ಯುತ್ಕಾಂತವಾಗುತ್ತದೆ. ತಿರುಗುವ ಈ ಕಾಂತ, 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ತ್ವದಂತೆ, ಸುತ್ತಲಿನ ಸ್ಟೇಟರ್ ಸುರುಳಿಗಳಲ್ಲಿ ಪರ್ಯಾಯ ವಿದ್ಯುತ್ತನ್ನು ಹುಟ್ಟಿಸುತ್ತದೆ. ಡಯೋಡ್‌ಗಳು ಅದನ್ನು ಬ್ಯಾಟರಿಗೆ ಒಗ್ಗುವ ನೇರ ವಿದ್ಯುತ್ತಾಗಿ ಬದಲಿಸುತ್ತವೆ.

ಪೂರ್ತಿ ಚಾರ್ಜಾದ ಬ್ಯಾಟರಿಯ ವೋಲ್ಟೇಜ್ ಸುಮಾರು 12.6. ಅದರೊಳಗೆ ಕರೆಂಟು ನುಗ್ಗಬೇಕಾದರೆ ಹೊರಗಿನ ವೋಲ್ಟೇಜ್ ಅದಕ್ಕಿಂತ ಮೇಲಿರಬೇಕು. ತೀರಾ ಮೇಲಾದರೆ ಬ್ಯಾಟರಿಯೊಳಗಿನ ನೀರು ಒಡೆದು ಅನಿಲವಾಗುತ್ತದೆ. ಅದಕ್ಕೇ ಆಲ್ಟರ್ನೇಟರಿನ ರೆಗ್ಯುಲೇಟರ್ ವೋಲ್ಟೇಜನ್ನು 14ರ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಹೆಡ್‌ಲೈಟ್ ಹಾಕಿದೊಡನೆ ವೋಲ್ಟೇಜ್ ತುಸು ಇಳಿಯುತ್ತದೆ. ರೆಗ್ಯುಲೇಟರ್ ರೋಟರಿಗೆ ಹೆಚ್ಚು ಕರೆಂಟು ಬಿಡುತ್ತದೆ. ಕಾಂತ ಬಲಗೊಂಡು ಉತ್ಪಾದನೆ ಏರುತ್ತದೆ. ಆಗ ರೋಟರನ್ನು ತಿರುಗಿಸುವುದೂ ಭಾರವಾಗುತ್ತದೆ, ಎಂಜಿನ್ ಅಷ್ಟು ಹೆಚ್ಚು ಇಂಧನ ಸುಡುತ್ತದೆ.

ಈ ಹೊಂದಾಣಿಕೆಗೂ ಮಿತಿಯಿದೆ. ಕಾರು ನಿಂತಲ್ಲೇ ಎಂಜಿನ್ ಓಡುವಾಗ ರೋಟರಿನ ವೇಗ ಕಡಿಮೆ. ಆಲ್ಟರ್ನೇಟರ್ ತನ್ನ ಪೂರ್ಣ ಸಾಮರ್ಥ್ಯ ತೋರಲಾರದು. ತಲಾ 55 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬುಗಳಿಗೇ ಸುಮಾರು 8 ಆಂಪಿಯರ್ ಬೇಕು. ಬ್ಲೋವರ್, ಡಿಫಾಗರ್, ರೇಡಿಯೇಟರ್ ಫ್ಯಾನ್ ಸೇರಿದರೆ ಬೇಡಿಕೆ ಉತ್ಪಾದನೆಯನ್ನು ಮೀರಬಹುದು. ಆ ಕೊರತೆಯನ್ನು ಬ್ಯಾಟರಿ ತುಂಬಿಕೊಡುತ್ತದೆ. ಸೆಲ್ಫ್ ಹೊಡೆಯುವಾಗ 150 ಆಂಪಿಯರ್ ಎರಡು ಸೆಕೆಂಡು ಹರಿದರೂ ಖರ್ಚಾಗುವುದು 0.1 ಆಂಪಿಯರ್-ಅವರ್‌ಗಿಂತ ಕಡಿಮೆ. ಆದರೆ ಟ್ರಾಫಿಕ್ಕಿನಲ್ಲಿ 5 ಆಂಪಿಯರ್ ಕೊರತೆ ಒಂದು ಗಂಟೆ ಮುಂದುವರಿದರೆ 5 ಆಂಪಿಯರ್-ಅವರ್ ಖಾಲಿ! ಬ್ಯಾಟರಿಯನ್ನು ಸೊರಗಿಸುವುದು ಈ ಸಣ್ಣ, ದೀರ್ಘ ಕೊರತೆಯೇ.

ಚಾರ್ಜಿಂಗ್ ಸರಿಯಿದೆಯೇ ಎಂಬ ಪರೀಕ್ಷೆ ಸುಲಭ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, ಬ್ಯಾಟರಿಯ ಟರ್ಮಿನಲ್‌ಗಳಿಗೆ ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ನಿನ ವೇಗ ಸ್ವಲ್ಪ ಏರಿಸಿದರೂ 13 ವೋಲ್ಟ್ ದಾಟದಿದ್ದರೆ ಬೆಲ್ಟ್, ಬ್ರಷ್, ಡಯೋಡ್‌ಗಳನ್ನು ನೋಡಿಸಬೇಕು. ಚಾರ್ಜಿಂಗ್ ಪರೀಕ್ಷಿಸಲೆಂದು ಎಂಜಿನ್ ಓಡುವಾಗ ಬ್ಯಾಟರಿಯ ವೈರ್ ಮಾತ್ರ ಕೀಳಬೇಡಿ. ಆಗ ವೋಲ್ಟೇಜ್ ಒಮ್ಮೆಲೇ ಜಿಗಿದು ಕಾರಿನ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗಬಹುದು.