ಮೆದುಳಿನ ಕಡಿವಾಣ

ಓಡುವ ಕುದುರೆಗೆ ಕಡಿವಾಣ ಎಷ್ಟು ಅವಶ್ಯಕವೋ ಮೆದುಳಿಗೆ ನಿಗ್ರಹಶಕ್ತಿಯೂ ಅಷ್ಟೇ ಅವಶ್ಯಕ. ಮಾನವನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇವುಗಳಲ್ಲಿ ಕೆಲವು ಇತರ ಕೋಶಗಳನ್ನು ಪ್ರಚೋದಿಸುತ್ತವೆ. ಮತ್ತೆ ಕೆಲವು ಅವುಗಳನ್ನು ತಡೆಯುತ್ತವೆ. ತಡೆಯುವ ಕಾರ್ಯವನ್ನು ಮುಖ್ಯವಾಗಿ ನಿರ್ವಹಿಸುವ ರಾಸಾಯನಿಕ ವಸ್ತುವೇ ಗಾಬಾ. ಇದು ಮೆದುಳಿನಲ್ಲಿದೆಯೆಂಬುದು 1950ರಲ್ಲಿ ತಿಳಿದುಬಂದಿತು. ಈ ನಿಗ್ರಹ ಕುಂದಿದರೆ ನರಕೋಶಗಳು ಅಂಕೆಮೀರಿ ಕೆರಳಿ ಮೂರ್ಛೆರೋಗ ತಲೆದೋರಬಹುದು.

ಕೆಲಸ ಮುಗಿದ ಗಾಬಾವನ್ನು ಕಿಣ್ವಗಳು ಹಂತಹಂತವಾಗಿ ಮಾರ್ಪಡಿಸುತ್ತವೆ. ಅವುಗಳಲ್ಲಿ ಒಂದು ಸಕ್ಸಿನಿಕ್ ಸೆಮಿಆಲ್ಡಿಹೈಡ್ ಡಿಹೈಡ್ರೋಜಿನೇಸ್. ಅತಿ ವಿರಳವಾಗಿ ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ಕಿಣ್ವದ ಕೊರತೆಯಿರುತ್ತದೆ. ತಂದೆತಾಯಿಗಳಿಬ್ಬರೂ ಆರೋಗ್ಯವಂತರಾಗಿದ್ದರೂ ದೋಷವುಳ್ಳ ಜೀನನ್ನು ಹೊತ್ತಿದ್ದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಇಂತಹ ಮಕ್ಕಳು ನಡೆಯುವುದೂ ಮಾತನಾಡುವುದೂ ತಡ; ಸುಮಾರು ಅರ್ಧದಷ್ಟು ಮಂದಿಗೆ ಮೂರ್ಛೆ ಬರುತ್ತದೆ.

ಇಲ್ಲಿಯೇ ಒಂದು ಒಗಟು ಎದುರಾಗುತ್ತದೆ. ಇವರ ಮೆದುಳಿನಲ್ಲಿ ಗಾಬಾ ಕಡಿಮೆಯಿಲ್ಲ, ಬದಲಿಗೆ ಹೆಚ್ಚಾಗಿ ಸಂಗ್ರಹವಾಗಿರುತ್ತದೆ. ತಡೆಯುವ ವಸ್ತು ಹೆಚ್ಚಿದ್ದರೂ ತಡೆ ಸಾಲದೆ ಹೋಗುವುದೇಕೆ?

ಇದನ್ನರಿಯಲು ನೆರವಾದದ್ದು, 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಆಂಥೋನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿಕೊಟ್ಟ ವಿಧಾನ. ತಲೆಯ ಮೇಲೆ ತಂತಿಯ ಸುರುಳಿಯೊಂದನ್ನು ಹಿಡಿದು ಕ್ಷಣಮಾತ್ರ ಪ್ರಬಲ ವಿದ್ಯುತ್ತನ್ನು ಹಾಯಿಸುತ್ತಾರೆ. ಅದರಿಂದ ಹುಟ್ಟುವ ಕಾಂತಕ್ಷೇತ್ರವು ತಲೆಬುರುಡೆಯನ್ನು ದಾಟಿ ಮೆದುಳಿನಲ್ಲಿ ಸಣ್ಣ ವಿದ್ಯುತ್ಪ್ರವಾಹವನ್ನು ಪ್ರೇರಿಸುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದಕ್ಕೆ ಆಧಾರ. ಕೈಯನ್ನು ಬಿಗಿಹಿಡಿದಿರುವಾಗ ಹೀಗೆ ಪ್ರಚೋದಿಸಿದರೆ, ಸ್ನಾಯುವು ಒಮ್ಮೆ ಅದುರಿ ಬಳಿಕ ಕ್ಷಣಕಾಲ ಸ್ತಬ್ಧವಾಗುತ್ತದೆ. ಆ ಮೌನ ಎಷ್ಟು ದೀರ್ಘವಾಗಿದೆಯೆಂಬುದರಿಂದ ಮೆದುಳಿನ ನಿಗ್ರಹಶಕ್ತಿಯನ್ನು ಅಳೆಯಬಹುದು.

2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಸಂಶೋಧಕರು ರೋಗಿಗಳನ್ನೂ ಅವರ ತಂದೆತಾಯಿಗಳನ್ನೂ ಆರೋಗ್ಯವಂತರನ್ನೂ ಹೀಗೆ ಪರೀಕ್ಷಿಸಿದರು. ರೋಗಿಗಳಲ್ಲಿ ಆ ಮೌನವು ಉಳಿದವರಿಗಿಂತ ಮೊಟಕಾಗಿತ್ತು. ಗಾಬಾದ ಸಂದೇಶವನ್ನು ಸ್ವೀಕರಿಸಲು ನರಕೋಶಗಳ ಮೇಲೆ ಗ್ರಾಹಕಗಳಿರುತ್ತವೆ. ಎಡೆಬಿಡದೆ ಗಾಬಾ ಸುರಿಯುತ್ತಿದ್ದರೆ ಈ ಗ್ರಾಹಕಗಳು ಕುಗ್ಗುತ್ತವೆಂದು ಅವರು ಊಹಿಸಿದರು. ಇಲಿಗಳ ಮೇಲಿನ ಪ್ರಯೋಗಗಳೂ ಇದನ್ನು ಸಮರ್ಥಿಸುತ್ತವೆ. ಸದಾ ಗದ್ದಲವಿರುವ ಮನೆಯಲ್ಲಿ ಕೂಗಿದರೂ ಯಾರೂ ಕಿವಿಗೊಡದಂತೆ!

ಬಳಿಕ ಇದೇ ಅಳತೆಯನ್ನು ಒರೆಗಲ್ಲಾಗಿ ಬಳಸಿ ಔಷಧವೊಂದನ್ನು ಪರೀಕ್ಷಿಸಲಾಯಿತು. ನಿರೀಕ್ಷಿಸಿದ ಗುಣ ಕಾಣಲಿಲ್ಲ. ಆದರೂ ಆ ಶ್ರಮ ವ್ಯರ್ಥವಲ್ಲ. ವಸ್ತುವೊಂದು ದೇಹದಲ್ಲಿ ಎಷ್ಟಿದೆಯೆಂದು ತಿಳಿದರೆ ಸಾಲದು, ಅದು ಅಲ್ಲಿ ಏನು ಮಾಡುತ್ತಿದೆಯೆಂದೂ ತಿಳಿಯಬೇಕು. ಶಸ್ತ್ರವನ್ನು ಸೋಕಿಸದೆ ಜೀವಂತ ಮೆದುಳಿನಿಂದಲೇ ಆ ಉತ್ತರವನ್ನು ಪಡೆಯುವ ದಾರಿ ಈಗ ವೈದ್ಯರಿಗೆ ತೆರೆದಿದೆ.